ರಾಗಿಗೆ ಮೊದಲ ಪಾಳಿ

ಮಗಳ ಕಾಲೇಜಿನ ಅರ್ಜಿಯ ಜೊತೆ ಅವಳು ಚಿಕ್ಕಂದಿನಿಂದ ಓದಿದ ಎಲ್ಲ ಶಾಲೆಗಳ ಪ್ರಮಾಣಪತ್ರ ಲಗತ್ತಿಸಬೇಕಿತ್ತು. ಎರಡನೆಯ ತರಗತಿಯದು ಮಾತ್ರ ಕಾನಹೊಸಹಳ್ಳಿಯದು. ಅದನ್ನು ತರಲು ಹೋದ ತಿಂಗಳು ಹರಪನಹಳ್ಳಿಯಿಂದ ಬಸ್ಸು ಹತ್ತಿ, ಕೊಟ್ಟೂರು, ಕೂಡ್ಲಿಗಿ ದಾಟಿ, ಹನ್ನೊಂದು ವರ್ಷಗಳ ಮೇಲೆ ಆ ಊರಿನಲ್ಲಿ ಇಳಿದೆ. ಶಾಲೆಯ ಬಾಗಿಲು ತೆರೆಯಲು ಇನ್ನೂ ಒಂದು ತಾಸು ಇತ್ತು. ಸುಮ್ಮನೆ ಕೂರಲಾರದೆ ಹಳೆಯ ಬೀದಿಯ ಕಡೆ ನಡೆದೆ. ಗಿರಣಿಯ ತಿರುವಿಗೆ ಬಂದಾಗ ಆಗ ತಾನೇ ಬೀಸಿದ ರಾಗಿಹಿಟ್ಟಿನ ವಾಸನೆ ಬಂತು. ಜೋಳದ ಹಿಟ್ಟಿನ ವಾಸನೆ ಬೇರೆ, ಗೋಧಿಯದು ಬೇರೆ. ರಾಗಿಯದು ಸ್ವಲ್ಪ ಮಣ್ಣಿನದು, ಸ್ವಲ್ಪ ಹುರಿದ ಶೇಂಗಾದ್ದು. ಕಣ್ಣು ಮುಚ್ಚಿ ನಿಲ್ಲಿಸಿದರೂ ನಾನು ಗುರುತು ಹಿಡಿಯಬಲ್ಲೆ. ಒಂದು ವರ್ಷ ಪೂರ್ತಿ ನನ್ನ ಕೈ, ಅಂಗಿ, ಹುಡುಗರ ಉತ್ತರಪತ್ರಿಕೆ ಎಲ್ಲವೂ ಅದೇ ವಾಸನೆ ಹೊಡೆಯುತ್ತಿದ್ದವು.

ಆ ವರ್ಷ ನಾನು ಅಲ್ಲಿನ ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ವರ್ಗವಾಗಿ ಬಂದಿದ್ದೆ. ಹೆಂಡತಿ ಸುಮಾ ಹೂವಿನಹಡಗಲಿಯಲ್ಲಿ ನರ್ಸು. ಅವಳಿಗೆ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಹೀಗಾಗಿ ಏಳು ವರ್ಷದ ಸಹನಾ ನನ್ನ ಪಾಲಿಗೆ ಬಂದಳು. ಸುಮಾ ಶನಿವಾರ ಸಂಜೆ ಮಲ್ಲಿಗೆಯ ಪೊಟ್ಟಣ ಹಿಡಿದು ಬಸ್ಸಿಳಿಯುತ್ತಿದ್ದಳು, ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಉಳಿದ ಐದು ದಿನ ಅಡುಗೆಮನೆ ನನ್ನದು. ಅಡುಗೆಯಲ್ಲಿ ನನಗೆ ಆಗ ಬರುತ್ತಿದ್ದದ್ದು ಎರಡೇ, ಉಪ್ಪಿಟ್ಟು ಮತ್ತು ಸಿಟ್ಟು. ಸಿಟ್ಟಂತೂ ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಸಹನಾಳ ಮೈ ಆ ಬೇಸಿಗೆಯಿಂದಲೇ ಇಳಿಯುತ್ತ ಬಂದಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿರುತ್ತಿತ್ತು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ. ಆಷಾಢದ ಗಾಳಿ ಶುರುವಾದ ವಾರ ದಾವಣಗೆರೆಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆಯ ಕಾಗದ ನೋಡಿ ಡಾಕ್ಟರು ಕನ್ನಡಕ ತೆಗೆದಿಟ್ಟರು.

"ಇವಳ ಕರುಳಿಗೆ ಗೋಧಿ ಆಗೋದಿಲ್ಲ. ಒಂದು ಚಿಟಿಕೆಯೂ ಹೋಗಬಾರದು. ಅನ್ನ, ಜೋಳ, ರಾಗಿ ಯಾವುದಕ್ಕೂ ತೊಂದರೆ ಇಲ್ಲ. ರಾಗಿ ಹೆಚ್ಚು ಕೊಡಿ, ಎಲುಬು ಸೊರಗಿವೆ. ಮೂರು ತಿಂಗಳು ಕಟ್ಟುನಿಟ್ಟಾಗಿ ನೋಡೋಣ. ತೂಕ ಏರಲಿಲ್ಲ ಅಂದರೆ ಆಸ್ಪತ್ರೆಗೆ ಸೇರಿಸಿಕೊಂಡು, ಗಂಟಲಲ್ಲಿ ನಳಿಕೆ ಇಳಿಸಿ ನೋಡಬೇಕಾಗುತ್ತೆ" ಅಂದರು.

ಗೋಧಿ ಎಂದರೆ ಚಪಾತಿ ಅಷ್ಟೇ ಎಂದು ನಾನು ತಿಳಿದಿದ್ದೆ. ಉಪ್ಪಿಟ್ಟಿನ ರವೆ ಗೋಧಿ, ಶಾವಿಗೆ ಗೋಧಿ, ಬ್ರೆಡ್ಡು, ಬಿಸ್ಕತ್ತು, ಬೇಕರಿಯ ಖಾರಾ ಎಲ್ಲ ಗೋಧಿ. ಇಂಗಿನ ಡಬ್ಬಿಯಲ್ಲಿ ಕೂಡ ಹಿಟ್ಟು ಬೆರೆಸಿರುತ್ತಾರೆ ಎಂದು ಸುಮಾ ಓದಿ ಹೇಳಿದಾಗ ಅದನ್ನೂ ಬೀದಿಗೆ ಎಸೆದೆ. ಸಹನಾ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಲಗಿ, ನಳಿಕೆ ಅಂದರೆ ಎಷ್ಟು ಉದ್ದ ಇರುತ್ತದೆ ಎಂದು ಕೇಳಿದಳು. ಅದು ನಮಗೆ ಎಂದೂ ಗೊತ್ತಾಗುವುದು ಬೇಡ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಮೊದಲ ರಾಗಿದೋಸೆಗೆ ಕೈ ಹಾಕಿದೆ. ಹಿಟ್ಟಿಗೆ ನೀರು ಸುರಿದು, ಕಲಸಿ, ಹಂಚಿನ ಮೇಲೆ ಹಾಕಿದೆ. ಹಂಚು ಅದನ್ನು ಬಿಟ್ಟುಕೊಡಲಿಲ್ಲ. ಕೆರೆದೆ, ಮತ್ತೆ ಹಾಕಿದೆ, ಮತ್ತೆ ಕೆರೆದೆ. ಗೋಡೆಯಾಚೆಯಿಂದ ಹಂಪಮ್ಮನ ದನಿ ಬಂತು. ಹಂಪಮ್ಮ ನಮ್ಮ ಮನೆಯ ಮಾಲಕಿ, ಅರವತ್ತು ದಾಟಿದ ಹೆಂಗಸು. ಅವರ ಯಜಮಾನರು ಕುರಿಗಳ ಜೊತೆ ಹೊಲದ ಕಡೆಯೇ ಹೆಚ್ಚಾಗಿ ಇರುತ್ತಿದ್ದರು. ಮನೆ, ಬೀದಿ, ನಮ್ಮಂಥ ಬಾಡಿಗೆಯವರು, ಎಲ್ಲರ ಉಸ್ತುವಾರಿ ಈಕೆಯದೇ.

"ಮೇಷ್ಟ್ರ, ಏನ್ ಸುಡಾಕ ಹತ್ತೀರಿ? ಬೀದಿ ತುಂಬ ಹೊಗಿ ಆಗೈತಿ."

"ದೋಸೆ ಮಾಡ್ತಿದೀನಿ."

ಅವರು ಒಳಗೆ ಬಂದು ಹಂಚನ್ನು ಬಗ್ಗಿ ನೋಡಿದರು. "ಇದು ದೋಸಿ ಅಲ್ರಿ. ಹಂಚಿಗೆ ಮುಲಾಮು ಹಚ್ಚೀರಿ" ಅಂದರು.

ನನಗೆ ಸಿಟ್ಟು ಬಂತು. ಆದರೆ ಬಾಗಿಲಲ್ಲಿ ಯೂನಿಫಾರ್ಮು ಹಾಕಿಕೊಂಡು ಹಸಿದು ನಿಂತ ಸಹನಾ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು, ಹಾಗಾಗಿ ನಾನು ಸೌಟನ್ನು ಹಂಪಮ್ಮನ ಕೈಗೆ ಕೊಟ್ಟೆ.

"ರಾಗಿಗೆ ಅವಸರ ಆಗಂಗಿಲ್ರಿ" ಎಂದು ಹಂಪಮ್ಮ ಪಾತ್ರೆ ಎಳೆದುಕೊಂಡರು. "ಮಜ್ಜಿಗಿಯಾಗ ಕಲಸಿ ಅರ್ಧ ತಾಸು ಬಿಡ್ರಿ. ಅದು ನೀರು ಕುಡೀಬೇಕು. ಅಷ್ಟೊತ್ತಿಗೆ ನೀವು ನಿಮ್ಮ ಎರಡು ಲೆಕ್ಕ ಮಾಡ್ಕೊಳ್ರಿ."

ಹಿಟ್ಟಿಗೆ ಒಂದು ಮುಷ್ಟಿ ಅಕ್ಕಿಹಿಟ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ, ಜೀರಿಗೆ, ಕೊತ್ತಂಬರಿ, ಒಂದು ಹಸಿಮೆಣಸಿನಕಾಯಿ. ಹಿಟ್ಟು ಮಜ್ಜಿಗೆಯ ಹಾಗೆ ತೆಳ್ಳಗಿರಬೇಕು. ಹಂಚು ಕಾದು ಹೊಗೆಯಾಡಬೇಕು. ಈರುಳ್ಳಿಯ ಅರ್ಧ ಹೋಳಿನಿಂದ ಎಣ್ಣೆ ಸವರಿ, ಹಿಟ್ಟನ್ನು ಅಂಚಿನಿಂದ ಒಳಕ್ಕೆ ಸುತ್ತ ಚೆಲ್ಲಬೇಕು. ಸೌಟಿನಿಂದ ಹರಡಲು ಹೋದರೆ ಕೆಟ್ಟಿತು. ತೂತು ತೂತಾಗಿ ತಾನೇ ಕೂಡಿಕೊಳ್ಳುತ್ತದೆ, ಅಂಚು ತಾನೇ ಏಳುತ್ತದೆ. ಏಳುವ ತನಕ ಮುಟ್ಟಬಾರದು. ನನ್ನಂಥವನಿಗೆ ಕಷ್ಟದ ಪಾಠ ಈ ಮುಟ್ಟದೆ ಇರುವುದೇ.

ಸಹನಾ ಅದಕ್ಕೆ ಎಮ್ಮೆದೋಸೆ ಎಂದು ಹೆಸರಿಟ್ಟಳು. ಕರ್ರಗಿತ್ತಲ್ಲ. ಮೂರು ಎಮ್ಮೆ ತಿಂದು ಶಾಲೆಗೆ ಹೋದಳು.

ಆಮೇಲೆ ದಿನಕ್ಕೊಂದು. ಸೋಮವಾರ ದೋಸೆ. ಮಂಗಳವಾರ ನುಗ್ಗೆಸೊಪ್ಪಿನ ರಾಗಿರೊಟ್ಟಿ. ಕುದಿಯುವ ನೀರಿಗೆ ಉಪ್ಪು ಹಾಕಿ, ಹಿಟ್ಟು ಸುರಿದು, ಕೈ ಸುಡುವಾಗಲೇ ನಾದಬೇಕು, ಆರಿದ ಮೇಲೆ ನಾದಿದರೆ ಬಿರಿಯುತ್ತದೆ. ತಣ್ಣನೆಯ ಹಂಚಿನ ಮೇಲೆ ಎಣ್ಣೆ ಹಚ್ಚಿ ತಟ್ಟಿ, ಬೆರಳಿನಿಂದ ಐದು ತೂತು ಮಾಡಿ, ತೂತಿಗೆ ಎಣ್ಣೆ ಬಿಟ್ಟು ಆಮೇಲೆ ಒಲೆಯ ಮೇಲಿಡಬೇಕು. ಸೆಕೆ ಇದ್ದ ದಿನ ಮಜ್ಜಿಗೆ, ಹಸಿ ಈರುಳ್ಳಿ ಹಾಕಿದ ಅಂಬಲಿ. ಉದ್ದು ರುಬ್ಬಿ ಬೆರೆಸಿದ ರಾಗಿ ಇಡ್ಲಿ ಶ್ರಾವಣದ ಜಿಟಿಜಿಟಿಯಲ್ಲಿ ಉಬ್ಬಲಿಲ್ಲ, ಅವತ್ತು ಕಲ್ಲು ತಿಂದ ಹಾಗೆ ತಿಂದೆವು. ಹಂಪಮ್ಮ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಪಕ್ಕ ಇಡಲು ಹೇಳಿಕೊಟ್ಟರು. ಮುಂದಿನ ವಾರ ಉಬ್ಬಿತು.

ಸಂಜೆಯ ತಿಂಡಿ ದೊಡ್ಡ ತಲೆನೋವಾಗಿತ್ತು. ಓರಗೆಯ ಮಕ್ಕಳು ಬಿಸ್ಕತ್ತು ತಿನ್ನುವಾಗ ಇವಳು ನೋಡುತ್ತ ಕೂರುವುದು ನನಗೆ ಸಹಿಸುತ್ತಿರಲಿಲ್ಲ. ಅದಕ್ಕೆ ಭಾನುವಾರ ಸುಮಾ, ನಾನು ಕೂಡಿ ರಾಗಿ ಚಕ್ಕುಲಿ ಒತ್ತುತ್ತಿದ್ದೆವು. ರಾಗಿಹಿಟ್ಟು, ಅಕ್ಕಿಹಿಟ್ಟು, ಪುಠಾಣಿ ಎನ್ನುವ ಹುರಿಗಡಲೆಯ ಹಿಟ್ಟು, ಬಿಳಿ ಎಳ್ಳು, ಓಮ, ಮೇಲೆ ಕಾದ ಎಣ್ಣೆ. ಕರಿದದ್ದು ಬೆಂದಿದೆಯೋ ಸೀದಿದೆಯೋ ಬಣ್ಣದಲ್ಲಿ ಗೊತ್ತಾಗುವುದಿಲ್ಲ, ಎಣ್ಣೆಯ ಸದ್ದು ನಿಲ್ಲುವುದನ್ನು ಕೇಳಿ ತೆಗೆಯಬೇಕು. ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಹಿಟ್ಟು ಹುರಿದು, ಬೆಲ್ಲ, ಒಡೆದ ಶೇಂಗಾ ಸೇರಿಸಿ ಉಂಡೆ ಕಟ್ಟುತ್ತಿದ್ದೆ. ಶಾಲೆಯಲ್ಲಿ ಯಾರೋ ಅವಳ ರೊಟ್ಟಿಯನ್ನು ಸಗಣಿಯ ಕುಳ್ಳು ಎಂದು ಹಂಗಿಸಿದ್ದರಂತೆ, ಒಂದು ವಾರ ಡಬ್ಬಿ ತುಂಬಿದ ಹಾಗೇ ವಾಪಸು ಬಂತು. ಚಕ್ಕುಲಿ ಹೋದ ದಿನದಿಂದ ಡಬ್ಬಿ ಖಾಲಿ ಬರತೊಡಗಿತು. ಅರ್ಧ ಅವಳು ತಿಂದಳೋ, ಹಂಗಿಸಿದವರೇ ತಿಂದರೋ, ನಾನು ಕೇಳಲಿಲ್ಲ.

ಹಂಪಮ್ಮ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. "ನಾಲ್ಕು ಮಕ್ಕಳ ತಂದಿ ಆದ್ರೂ ನಮ್ಮನಿಯವ್ರಿಗೆ ಉಪ್ಪಿನ ಡಬ್ಬಿ ಯಾವುದಂತ ಗೊತ್ತಿಲ್ರಿ. ಅವ್ರಕಿಂತ ನೀವು ಪಾಡು" ಎನ್ನುತ್ತಿದ್ದರು. ನಾನು ಉಬ್ಬುತ್ತಿದ್ದೆ.

ಹಿಟ್ಟಿನ ವಿಷಯದಲ್ಲಿ ನನ್ನದು ಇನ್ನೂ ಹೆಚ್ಚಿನ ಶಿಸ್ತು. ಅಂಗಡಿಯ ಪೊಟ್ಟಣದಲ್ಲಿ ಏನು ಬೆರೆತಿರುತ್ತದೋ ಎಂದು ಸಂತೆಯಲ್ಲಿ ಇಡಿ ರಾಗಿ ಕೊಂಡು, ಕಲ್ಲು ಆರಿಸಿ, ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ನಾನೇ ಗಿರಣಿಗೆ ಒಯ್ಯುತ್ತಿದ್ದೆ. ಅಕ್ಕಿಹಿಟ್ಟಿನ ಅಕ್ಕಿಯೂ ಹಾಗೆಯೇ. ಗಿರಣಿ ಮರುಳಪ್ಪನವರದು. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿ, ವಯಸ್ಸು ಎಷ್ಟೆಂದು ತಿಳಿಯದ ಮನುಷ್ಯ. ಅಲ್ಲಿ ಚೀಲಗಳು ಬಂದ ಸರದಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದವು, ಆದರೆ ರಾಗಿಯ ಚೀಲಕ್ಕೆ ಆ ಸರದಿ ಇಲ್ಲ. ಜೋಳ, ಗೋಧಿ, ಅಕ್ಕಿ ಎಲ್ಲ ಮುಗಿದ ಮೇಲೆ ಸಂಜೆಗೆ ರಾಗಿ. ಕಲ್ಲಿನಲ್ಲಿ ಉಳಿದ ಹಿಟ್ಟು ಮುಂದಿನ ಚೀಲಕ್ಕೆ ಸೇರುತ್ತದಲ್ಲ. ಜೋಳಕ್ಕೆ ರಾಗಿ ಸೇರಿದರೆ ರೊಟ್ಟಿ ಕರ್ರಗಾಗುತ್ತದೆ, ಬೆಳ್ಳನೆಯ ರೊಟ್ಟಿ ಅಲ್ಲಿನ ಹೆಂಗಸರ ಮಾನದ ಪ್ರಶ್ನೆ. ರಾಗಿ ಮುಗಿದ ಮೇಲೆ ಮರುಳಪ್ಪ ಕಲ್ಲು ಬಿಚ್ಚಿ ಒರೆಸಿ ಬಾಗಿಲು ಹಾಕುತ್ತಿದ್ದರು. ಕಲ್ಲು ಬಿಚ್ಚಿ ಕೂಡಿಸಲು ಒಂದು ತಾಸು ಹಿಡಿಯುವುದರಿಂದ ಅದು ದಿನಕ್ಕೆ ಒಮ್ಮೆ ಮಾತ್ರ. ಒಮ್ಮೆ ಅವಸರದಲ್ಲಿ ನಾನು ಚೀಲ ಮುಂದಿಟ್ಟಾಗ ಹಂಪಮ್ಮನೇ ತಡೆದಿದ್ದರು. "ನಿಮ್ಮ ರಾಗಿ ಆಮ್ಯಾಲ ಹಾಕಸ್ರಿ ಮೇಷ್ಟ್ರ, ನಮ್ಮ ಹಿಟ್ಟು ಕೆಡ್ತೈತಿ." ಎಲ್ಲರೂ ಒಪ್ಪಿದ ಪದ್ಧತಿ. ನಾನು ಚೀಲಗಳ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತ ಸಂಜೆಯ ತನಕ ಕಾಯುತ್ತಿದ್ದೆ.

ಗಣೇಶನ ಹಬ್ಬ ಮುಗಿದ ಮೇಲೆ ದಾವಣಗೆರೆಗೆ ಹೋದೆವು. ನಾನು ಬಹುಮಾನ ತರಲು ಹೊರಟವನ ಹಾಗೆ ಹೋಗಿದ್ದೆ. ತೂಕದ ಯಂತ್ರದ ಮೇಲೆ ಸಹನಾ ನಿಂತಳು. ಮೂರು ತಿಂಗಳ ಹಿಂದೆ ಇದ್ದದ್ದಕ್ಕಿಂತ ಅರ್ಧ ಕೆಜಿ ಕಡಿಮೆ.

ಡಾಕ್ಟರು ನನ್ನನ್ನೇ ನೋಡಿದರು. "ಎಲ್ಲೋ ಗೋಧಿ ಹೋಗ್ತಾ ಇದೆ. ದಿನಾ ಸ್ವಲ್ಪ ಸ್ವಲ್ಪ. ಮನೇಲಿ ವಿಚಾರಿಸಿ. ಇನ್ನು ಎರಡು ತಿಂಗಳು ಕೊಡ್ತೀನಿ. ಆಮೇಲೆ ಸೇರಿಸಲೇಬೇಕು" ಅಂದರು.

ಬಸ್ಸಿನಲ್ಲಿ ಬರುವಾಗ ನಾನು ಲೆಕ್ಕ ಹಾಕಿದೆ. ಬೆಳಿಗ್ಗೆ ನನ್ನ ಕೈ ಅಡುಗೆ. ಶಾಲೆಗೆ ನನ್ನ ಡಬ್ಬಿ. ರಾತ್ರಿ ನನ್ನ ಕೈ ಅನ್ನ. ಉಳಿದದ್ದು ಸಂಜೆ ನಾಲ್ಕರಿಂದ ಐದೂವರೆ. ಹತ್ತನೆಯ ತರಗತಿಗೆ ನಾನು ವಿಶೇಷ ಪಾಠ ಮಾಡುವ ಆ ಹೊತ್ತು ಸಹನಾ ಹಂಪಮ್ಮನ ಮನೆಯಲ್ಲಿ ಇರುತ್ತಿದ್ದಳು. ನನ್ನ ಲೆಕ್ಕಕ್ಕೆ ಉತ್ತರ ಸಿಕ್ಕಿತು.

ಮರುದಿನ ಸಂಜೆ ಪಾಠ ಅರ್ಧಕ್ಕೆ ಬಿಟ್ಟು ನೇರ ಅವರ ಪಡಸಾಲೆಗೆ ನುಗ್ಗಿದೆ. ಸಹನಾ ಶೇಂಗಾ ಸುಲಿಯುತ್ತ ಕೂತಿದ್ದಳು. ಅವಳ ತಲೆಯ ಮೇಲಿನ ಗೂಡಿನಲ್ಲಿ ಒಂದು ಬಿಸ್ಕತ್ತಿನ ಪುಡಿಕೆ ಇತ್ತು, ಬಾಯಿ ತೆರೆದದ್ದು.

"ನಮ್ಮ ಹುಡುಗಿಗೆ ಏನು ಕೊಡ್ತಿದೀರಿ ನೀವು?" ಅಂದೆ.

ಹಂಪಮ್ಮ ಮೊರ ಕೆಳಗಿಟ್ಟರು. "ಆ ಪುಡಿಕಿ ನಮ್ಮನಿಯವ್ರ ಚಾಕ್ಕ ಐತ್ರಿ. ಕೂಸಿನ ಕೈಗೆ ಒಂದೂ ಕೊಟ್ಟಿಲ್ಲ."

"ಡಾಕ್ಟರು ದಿನಾ ಹೋಗ್ತಿದೆ ಅಂತಾರೆ. ಕರುಣೆ ತೋರಿಸೋಕೆ ಹೋಗಿ ಅವಳನ್ನ ಆಸ್ಪತ್ರೆಗೆ ಕಳಿಸ್ತೀರಿ ನೀವು."

ನಾನು ಮಗಳ ಕೈ ಹಿಡಿದು ಎಳೆದುಕೊಂಡು ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ತರಗತಿಯಲ್ಲಿ ಹುಡುಗರಿಗೆ ಹೇಳುವವನು ನಾನೇ.

ಅಂದಿನಿಂದ ಸಹನಾ ಸಂಜೆ ನನ್ನ ಹತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಳು. "ಅಜ್ಜಿ ನನಗ ಏನೂ ಕೊಡಂಗಿಲ್ಲಪ್ಪ. ಶೇಂಗಾ ಕೊಟ್ರೂ ನಿಮ್ಮಪ್ಪನ್ನ ಕೇಳಿ ತಿನ್ನು ಅಂತಾಳ" ಎಂದು ಎರಡು ಸಲ ಹೇಳಿದಳು. ಹೇಳಿಕೊಟ್ಟ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ದಿನ ಕಳೆಯಿತು. ಹಂಪಮ್ಮನ ನೆರಳೂ ಸೋಕದ ಆ ಹತ್ತು ದಿನವೂ ಅವಳ ಹೊಟ್ಟೆ ಉಬ್ಬುತ್ತಲೇ ಇತ್ತು, ಬೆಳಿಗ್ಗೆ ದೋಸೆ ತಿಂದು ಶಾಲೆಗೆ ಹೊರಡುವ ಹೊತ್ತಿಗೆ ನೋವು ಎಂದು ಮುದುಡಿ ಕೂರುತ್ತಿದ್ದಳು. ನನ್ನ ಲೆಕ್ಕ ತಪ್ಪಿದೆ ಎಂದು ಆಗಲೇ ತಿಳಿಯಬೇಕಿತ್ತು. ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಉತ್ತರವನ್ನು ಹಿಡಿದುಕೊಂಡು ಕೂರುವುದು ಸುಲಭ.

ಒಂದು ದಿನ ಬೆಳಗಾಗುತ್ತಲೇ ಗೋಡೆಯಾಚೆ ಗರಗರ ಸದ್ದು. ಬೀಸುಕಲ್ಲಿನದು. ಅರ್ಧ ತಾಸಿನ ಮೇಲೆ ಹಂಪಮ್ಮ ಒಂದು ಸ್ಟೀಲ್ ಡಬ್ಬಿ ಹಿಡಿದು ನಮ್ಮ ಹೊಸ್ತಿಲಿಗೆ ಬಂದರು. ಒಳಗೆ ಬರಲಿಲ್ಲ.

"ಇದು ನಮ್ಮ ಕಲ್ಲಿನಾಗ ಬೀಸಿದ ರಾಗಿಹಿಟ್ರಿ. ಹೆಸರು, ಹುರಳಿ ಬಿಟ್ರ ಆ ಕಲ್ಲು ಏನೂ ಕಂಡಿಲ್ಲ. ಹದಿನೈದು ದಿನ ಇದ್ರಾಗ ಅಷ್ಟ ಮಾಡಿ ಕೊಡ್ರಿ, ಗಿರಣಿ ಹಿಟ್ಟು ಯಾವುದೂ ಬ್ಯಾಡ. ಆಮ್ಯಾಲ ಯಾರು ಏನ್ ಕೊಟ್ರಂತ ಲೆಕ್ಕ ಹಾಕ್ರಿ."

ನನಗೆ ಅರ್ಥವಾಗಲಿಲ್ಲ. "ಗಿರಣಿ ಹಿಟ್ಟಿಗೆ ಏನಾಗಿದೆ?" ಅಂದೆ.

"ನಿನ್ನಿ ಗಿರಣ್ಯಾಗ ನಿಂತಿದ್ನಿ. ನಿಮ್ಮಂಗ ಒಬ್ರು ರಾಗಿ ತಂದು ಮುಂದ ಇಟ್ರು. ತಡೀರಿ, ನಮ್ಮ ಹಿಟ್ಟು ಕರ್ರಗಾಗ್ತೈತಿ ಅಂತ ನಾನಾ ಅಂದ್ನಿ. ಅಂದ ಮ್ಯಾಲ ನನಗ ಹೊಳೀತು. ಕರಿ ಬಂದು ಬಿಳೀದ್ರಾಗ ಸೇರಿದ್ರ ಕಾಣ್ತೈತಿ. ಬಿಳಿ ಹೋಗಿ ಕರೀದ್ರಾಗ ಸೇರಿದ್ರ ಯಾರಿಗೆ ಕಾಣ್ತೈತ್ರಿ? ಇಡೀ ದಿನ ಗೋಧಿ ಬೀಸಿದ ಕಲ್ಲಿಗೆ ಸಂಜಿಕ ನಿಮ್ಮ ರಾಗಿ ಹಾಕ್ತಾರ."

ಡಬ್ಬಿ ಕೈಗೆ ತೆಗೆದುಕೊಂಡೆ. ಮೂರು ತಿಂಗಳು, ಒಂದು ವಾರ ತಪ್ಪದೆ, ಆರಿಸಿ, ತೊಳೆದು, ಒಣಗಿಸಿ, ನಾನೇ ಹೊತ್ತು ಒಯ್ದು, ನನ್ನ ಕೈಯಾರೆ ಮಗಳಿಗೆ ಗೋಧಿ ತಿನ್ನಿಸಿದ್ದೆ. ಅಂಗಡಿಯ ಪೊಟ್ಟಣ ನಂಬದವನು ನಾನು.

"ಹಂಪಮ್ಮ, ನನ್ನಿಂದ ತಪ್ಪಾಯ್ತು. ಅವತ್ತು ನಾನು ಆ ಮಾತು..." ಎಂದೆ.

"ಸಿಟ್ಟು ಬಂದೈತಿ ನನಗ. ಇಲ್ಲ ಅನ್ನಂಗಿಲ್ಲ" ಅಂದರು ಅವರು. "ಆದ್ರ ಅದು ನಿಮ್ಮ ಮ್ಯಾಲ, ಕೂಸಿನ ಮ್ಯಾಲ ಅಲ್ಲ. ಹಿಟ್ಟು ಆದಂಗ ಹೇಳ್ರಿ, ಬೀಸಿ ಕೊಡ್ತೀನಿ."

ಹದಿನೈದು ದಿನ ಅವರೇ ಬೀಸಿದರು. ನಾನು ಬೀಸುತ್ತೇನೆಂದು ಒಂದು ದಿನ ಕೂತೆ. ಕಾಲು ಸೇರಿಗೆ ಅಂಗೈ ಬೊಬ್ಬೆ ಬಂತು, ಹಿಟ್ಟು ರವೆಯಾಗಿ ಬಿತ್ತು. "ಏಳ್ರಿ, ಕಲ್ಲಿಗೆ ನೋವಾಗ್ತೈತಿ" ಎಂದು ಎಬ್ಬಿಸಿದರು. ಅವರ ಬಲ ತೋಳು ಎತ್ತಲು ಬರುತ್ತಿರಲಿಲ್ಲ ಎಂದು ನನಗೆ ತಿಳಿದದ್ದು ಅವರು ಎಡಗೈಯಲ್ಲಿ ಬೀಸುವುದನ್ನು ನೋಡಿದ ಮೇಲೆ. ಆರನೆಯ ದಿನಕ್ಕೆ ಸಹನಾಳ ಹೊಟ್ಟೆನೋವು ಕಡಿಮೆಯಾಯಿತು. ಹನ್ನೊಂದನೆಯ ದಿನ ಅವಳು ಇನ್ನೊಂದು ದೋಸೆ ಬೇಕು ಎಂದು ಕೇಳಿದಳು. ಇನ್ನೊಂದು ಎಂಬ ಮಾತು ಅವಳ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತೋ. ನಾನು ಹಂಚಿನ ಮುಂದೆ ಬೆನ್ನು ತಿರುಗಿಸಿ ನಿಂತು ಅತ್ತೆ.

ಬೀಸುಕಲ್ಲಿನ ಮೇಲೆ ಎಷ್ಟು ದಿನ? ಹಂಪಮ್ಮ ನನ್ನನ್ನು ಕರೆದುಕೊಂಡು ಗಿರಣಿಗೆ ಹೋದರು. ವಿಷಯ ಕೇಳಿ ಮರುಳಪ್ಪ ಬೆಲ್ಟು ನಿಲ್ಲಿಸಿದರು. ಹುಬ್ಬಿನ ಹಿಟ್ಟು ಒರೆಸಿಕೊಂಡರು.

"ನಮ್ಮ ಗಿರಣಿಂದ ಕೂಸಿಗೆ ಹಿಂಗಾಗೈತಿ ಅಂತ ನಮಗ ಗೊತ್ತಾಗ್ಲಿಲ್ಲ ನೋಡ್ರಿ" ಅಂದರು. "ಇನ್ನ ಮ್ಯಾಲ ಸೋಮವಾರ ಸಂಜಿಕ ನಿಮ್ಮ ರಾಗಿ, ಅಕ್ಕಿ ಚೀಲ ತಂದಿಟ್ಟು ಹೋಗ್ರಿ. ಕಲ್ಲು ಬಿಚ್ಚಿ ಒರೆಸಿ, ಮಂಗಳವಾರ ಬೆಳಿಗ್ಗಿ ಒಂದು ಬೊಗಸಿ ಜ್ವಾಳ ಹಾಕಿ ಕೋಳಿಗೆ ಚೆಲ್ತೀನಿ. ಆಮ್ಯಾಲ ಮೊದಲ ಪಾಳಿ ನಿಮ್ಮದಾ. ಯಾರು ಬಂದು ನಿಂತ್ರೂ ಸರಿ."

ಗಿರಣಿಯ ಬಾಯಿಗೆ ಕಟ್ಟುವ ಬಟ್ಟೆಯ ಚೀಲದ ತುಂಬ ಹಳೆಯ ಹಿಟ್ಟು ಹಿಡಿದಿರುತ್ತದೆಂದು ಹಂಪಮ್ಮ ಹೊಸ ಬಟ್ಟೆಯಲ್ಲಿ ಬೇರೆ ಒಂದು ಹೊಲಿಸಿ ಕೊಟ್ಟರು. ಅದು ಗೂಟಕ್ಕೆ ನೇತಾಡುತ್ತಿತ್ತು. ಅದಕ್ಕೆ ಬೇರೆ ಯಾರೂ ಕೈ ಹಚ್ಚುತ್ತಿರಲಿಲ್ಲ.

ದೀಪಾವಳಿ ಮುಗಿದು ಚಳಿ ಹಿಡಿದಾಗ ಮತ್ತೆ ದಾವಣಗೆರೆ. ಈ ಸಲ ನಾನು ಯಂತ್ರದ ಕಡೆ ನೋಡಲಿಲ್ಲ, ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ. ಸುಮಾ ನನ್ನ ತೋಳು ಜಿಗುಟಿದಳು. ಒಂದೂವರೆ ಕೆಜಿ ಏರಿತ್ತು. "ನಳಿಕೆ ಬೇಡ, ಹೀಗೇ ನಡೆಸಿ" ಅಂದರು ಡಾಕ್ಟರು. ಸಹನಾ ಅವರಿಗೆ ಕೈಮುಗಿದು, ತನ್ನ ಚೀಲದಿಂದ ಎರಡು ರಾಗಿ ಚಕ್ಕುಲಿ ತೆಗೆದು ಮೇಜಿನ ಮೇಲಿಟ್ಟಳು. ಅವರು ಅಲ್ಲೇ ಮುರಿದು ಬಾಯಿಗೆ ಹಾಕಿಕೊಂಡರು.

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಸ್ಟಾಫ್ ರೂಮಿನಲ್ಲಿ ರಾಗಿಯ ಮೇಲೆ ದಿನಾ ಭಾಷಣ. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಎಂದು ಶುರು ಮಾಡಿದರೆ ಗಂಟೆ ಹೊಡೆಯುವ ತನಕ ಬಿಡುತ್ತಿರಲಿಲ್ಲ. ದೋಸೆ ಹೀಗೆ ಹುಯ್ಯಬೇಕು, ಉಂಡೆಗೆ ಬೆಲ್ಲ ಇಷ್ಟು. ಒಬ್ಬನೇ ಗಂಡಸು ಮಗಳನ್ನು ಹೇಗೆ ಉಳಿಸಿಕೊಂಡೆ ನೋಡಿ ಎಂಬುದು ಮಾತಿನ ಕೊನೆಗೆ ಹೇಗೋ ಬಂದೇ ಬರುತ್ತಿತ್ತು.

ಎಳ್ಳಮಾಸಿ, ಹೊಲದಲ್ಲಿ ಕೂತು ಉಣ್ಣುವ ಅಮಾವಾಸ್ಯೆಯ ಹಬ್ಬ, ಬಂತು. ಹಂಪಮ್ಮ ಹೊಲಕ್ಕೆ ಕರೆದರು. ಬೀದಿಯ ಏಳೆಂಟು ಮನೆಯವರು ಬುತ್ತಿ ಕಟ್ಟಿಕೊಂಡು ಟ್ರ್ಯಾಕ್ಟರಿನಲ್ಲಿ ಹೊರಟರು. ಸುಮಾಳಿಗೆ ಅವತ್ತು ಡ್ಯೂಟಿ, ನಾನು, ಸಹನಾ ಇಬ್ಬರೇ. ನಾನು ಎಂದಿನ ಹಾಗೆ ಅವಳ ರಾಗಿರೊಟ್ಟಿಯನ್ನು ಬೇರೆ ಕಟ್ಟಿಕೊಂಡಿದ್ದೆ. ಯಾರ ಮನೆಗೆ ಹೋದರೂ, ಯಾವ ಹಬ್ಬವಾದರೂ ಅವಳು ತನ್ನದನ್ನು ಬಿಚ್ಚಿಕೊಂಡು ಒಂದು ಪಕ್ಕ ಕೂತು ತಿನ್ನುವುದು ರೂಢಿಯಾಗಿತ್ತು. ಹೊಲದಲ್ಲಿ ಜೋಳ ತೆನೆ ಹಿಡಿದು ಆಳುದ್ದ ನಿಂತಿತ್ತು. ಹಂಪಮ್ಮನ ಯಜಮಾನರು ಹೊಲದ ಸುತ್ತ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದರು. ಕಂಬಳಿ ಹಾಸಿ, ಎಲ್ಲರ ಬುತ್ತಿ ನಡುವೆ ಇಟ್ಟು, ಸುತ್ತ ಕೂತೆವು. ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಎಲ್ಲರ ರೊಟ್ಟಿಗಳೂ ಹಾಲಿನಂಥ ಬಿಳುಪು. ಒಂದು ಬುತ್ತಿಯದು ಮಾತ್ರ ಬೂದುಗಪ್ಪು. ಅದು ನೀಲಮ್ಮನದು, ಬೀದಿಯ ಕೊನೆಯ ಮನೆಯ ಟೇಲರನ ಹೆಂಡತಿ. ಅವರ ಜೊತೆ ನಾನು ಅಲ್ಲಿಯ ತನಕ ಮಾತೇ ಆಡಿದವನಲ್ಲ.

ಖುಷಿಯಲ್ಲಿದ್ದೆ, ನಾಲಿಗೆ ತಡೆಯಲಿಲ್ಲ. "ಏನ್ರಿ ನೀಲಮ್ಮ, ಈ ವರ್ಷ ನಿಮ್ಮ ಜೋಳ ಬಿಸಿಲಿಗೆ ಬಹಳ ನಿಂತಿತ್ತೇನು? ಬಣ್ಣ ಹಿಡಿದಿದೆ" ಅಂದೆ.

ಯಾರೂ ನಗಲಿಲ್ಲ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ನೀಲಮ್ಮ ಸೆರಗು ಸರಿಮಾಡಿಕೊಂಡು ತಮ್ಮ ಬುತ್ತಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

"ಈ ವಾರದ ಪಾಳಿ ಆಕೀದು, ಮೇಷ್ಟ್ರ" ಅಂದರು ಹಂಪಮ್ಮ.

"ಯಾವ ಪಾಳಿ?"

"ನಿಮ್ಮ ರಾಗಿ ಮೊದಲ ಬೀಸಿದ ಮ್ಯಾಲ ಅದ ಕಲ್ಲಿಗೆ ಇನ್ನೊಬ್ರ ಜ್ವಾಳ ಬೀಳಬೇಕಲ್ರಿ. ಯಾರರ ಮನಿ ರೊಟ್ಟಿ ಕರ್ರಗಾಗಾಕಬೇಕು. ಮೊದಲ ಮಂಗಳವಾರ ಮರುಳಪ್ಪ ಅವ್ರ ಮನೀದ ಹಾಕಿಕೊಂಡ್ರು. ಎರಡನೇದು ನಂದು. ಆಮ್ಯಾಲ ಒಬ್ಬೊಬ್ಬರು ಒಂದೊಂದು ವಾರ ಅಂತ ಮಾತಾಡ್ಕೊಂಡ್ವಿ."

ಲೆಕ್ಕದ ಮೇಷ್ಟ್ರು ನಾನು, ಮನಸ್ಸಿನಲ್ಲೇ ಎಣಿಸಿದೆ. ಹನ್ನೆರಡು ಮಂಗಳವಾರ. ಹನ್ನೆರಡು ಮನೆ. ಅವರಲ್ಲಿ ಅರ್ಧ ಜನರ ಹೆಸರು ನನಗೆ ಗೊತ್ತಿರಲಿಲ್ಲ. ಒಂದು ವಾರ ಪೂರ್ತಿ ಕರಿ ರೊಟ್ಟಿ ಉಂಡು, ಬಂದ ನೆಂಟರ ಮುಂದೆ ಕರಿ ರೊಟ್ಟಿ ಇಟ್ಟು, ಯಾರೂ ಒಂದು ಮಾತು ಆಡಿರಲಿಲ್ಲ. ಒಬ್ಬನೇ ಉಳಿಸಿಕೊಂಡೆ ಎಂದು ಊರೆಲ್ಲ ಹೇಳಿಕೊಂಡು ಬಂದದ್ದು ನೆನಪಾಗಿ ಮುಖ ಎತ್ತಲು ಆಗಲಿಲ್ಲ.

"ನನಗೆ ಯಾಕೆ ಹೇಳಲಿಲ್ಲ?" ಅಂದೆ.

"ಹೇಳಿದ್ರ ನೀವು ಗಿರಣಿಗೆ ಬರೋದ ಬಿಡ್ತಿದ್ರಿ. ನಿಮ್ಮ ಸಿಟ್ಟು ನಮಗ ಗೊತ್ತಿಲ್ಲೇನು?" ಎಂದು ಹಂಪಮ್ಮ ನೀಲಮ್ಮನ ಕಡೆ ತಿರುಗಿದರು. "ಹಬ್ಬದ ವಾರ ಬ್ಯಾಡವಾ, ನಂದು ಹಾಕಸ್ತೀನಿ ಅಂದ್ನಿ. ಈಕಿ ಕೇಳ್ಲಿಲ್ಲ."

ನೀಲಮ್ಮ ತಲೆ ಬಗ್ಗಿಸಿಯೇ ಮಾತಾಡಿದರು. ದನಿ ಬಹಳ ಸಣ್ಣದು.

"ನಾನಾ ಕೇಳಿ ಇಸ್ಕೊಂಡೀನ್ರಿ ಈ ವಾರ. ರಾಗಿ ಆದ ಮ್ಯಾಲ ಬೀಸಿದ್ರ ಅದ್ರಾಗ ರಾಗಿ ಬಿಟ್ರ ಬ್ಯಾರೆ ಏನೂ ಸೇರಂಗಿಲ್ಲಲ್ರಿ. ಗೋಧಿ ಇರಂಗಿಲ್ಲ. ಬಡಿಯೋ ಕಲ್ಲು, ಹಂಚು ಎಲ್ಲಾ ತೊಳದು ಮಾಡೀನಿ. ಹಬ್ಬದ ದಿನ ಕೂಸು ಬ್ಯಾರೆ ಕುಂತು ಉಣ್ಣೋದು ಬ್ಯಾಡಂತ."

ಹಿಂದಕ್ಕೆ ಎಳೆದುಕೊಂಡ ಬುತ್ತಿಯನ್ನು ಅವರು ಸಹನಾಳ ಮುಂದೆ ಸರಿಸಿದರು. ನಾಚಿಕೆಯಿಂದ ಎಳೆದುಕೊಂಡದ್ದಲ್ಲ, ಅವಳಿಗೆಂದು ತೆಗೆದಿಟ್ಟದ್ದು.

ಸಹನಾ ರೊಟ್ಟಿ ಮುಟ್ಟಲಿಲ್ಲ. ನನ್ನ ಮುಖ ನೋಡಿದಳು. ಆರು ತಿಂಗಳಿಂದ ಬೇರೆಯವರು ಏನು ಕೊಟ್ಟರೂ ಮೊದಲು ನನ್ನ ಮುಖ ನೋಡುವುದನ್ನು ನಾನೇ ಅವಳಿಗೆ ಕಲಿಸಿದ್ದೆ. ತಿನ್ನು ಎಂದು ತಲೆ ಆಡಿಸಿದೆ. ಅವಳು ಕಂಬಳಿಯ ಮೇಲೆ ಜರುಗಿ ಎಲ್ಲರ ಸಾಲಿನಲ್ಲಿ, ನೀಲಮ್ಮನ ತೊಡೆಗೆ ತಾಗಿ ಕೂತಳು. ರೊಟ್ಟಿ ಮುರಿದು, ಅದೇ ಬುತ್ತಿಯ ಎಣ್ಣೆಗಾಯಿಯಲ್ಲಿ ಅದ್ದಿ, ಬಾಯಿ ತುಂಬಿಕೊಂಡಳು. ಸುತ್ತ ಕೂತವರೂ ಆಮೇಲೆ ಉಣ್ಣಲು ಶುರು ಮಾಡಿದರು.

ಎರಡನೆಯ ರೊಟ್ಟಿಗೆ ಅವಳು ನನ್ನ ಕಡೆ ನೋಡಲಿಲ್ಲ. ನೀಲಮ್ಮನ ಮುಂದೆ ಕೈ ಚಾಚಿದಳು.